ಊರಿನ ನೀರು, ಊರಿನ ಬೀದಿ: ಈರೋಡು ನಗರಸಭೆಯ ಪೆರಿಯಾರ್

ತಾಳವಾಡಿ ಬೆಟ್ಟದ ಶಾಲೆಗಳ ಹಳೆಯ ವರ್ಗಾವಣೆ ಪತ್ರಗಳಲ್ಲಿ ಜಿಲ್ಲೆಯ ಹೆಸರು ಪೆರಿಯಾರ್ ಎಂದಿರುವುದನ್ನು ಕಂಡು ಮಕ್ಕಳು ಅದೇಕೆಂದು ಕೇಳುವುದುಂಟು. 1979ರ ಸೆಪ್ಟೆಂಬರ್ 17ರಂದು ಕೊಯಮತ್ತೂರಿನಿಂದ ಬೇರ್ಪಟ್ಟ ನಮ್ಮ ಜಿಲ್ಲೆಗೆ, ಅಂದಿಗೆ ಸರಿಯಾಗಿ ನೂರು ವರ್ಷಗಳ ಹಿಂದೆ ಈರೋಡಿನಲ್ಲಿ ಹುಟ್ಟಿದ ಈ.ವಿ. ರಾಮಸಾಮಿಯವರ ಬಿರುದನ್ನೇ ಹೆಸರಾಗಿ ಇಡಲಾಗಿತ್ತು. 1990ರ ದಶಕದಲ್ಲಿ ಅದು ಈರೋಡು ಜಿಲ್ಲೆಯಾಯಿತು.

ಪೆರಿಯಾರ್ ಎಂದೊಡನೆ ದ್ರಾವಿಡ ಚಳವಳಿ ನೆನಪಾಗುತ್ತದೆ. ಅದಕ್ಕೂ ಮೊದಲು ಅವರು ಒಂದು ಊರಿನ ನೀರು, ಬೀದಿ, ತೆರಿಗೆಗಳ ಹೊಣೆ ಹೊತ್ತವರು ಎಂಬುದು ಅಷ್ಟಾಗಿ ತಿಳಿದಿಲ್ಲ.

ತಂದೆ ವೆಂಕಟಪ್ಪ ನಾಯ್ಕರ್ ಈರೋಡಿನ ಶ್ರೀಮಂತ ವರ್ತಕರು. ರಾಮಸಾಮಿಯವರು ತಮ್ಮನ್ನು ಕನ್ನಡಿಗನೆಂದು ಹೇಳಿಕೊಂಡದ್ದುಂಟು. ಶಾಲೆಯ ಓದು ಕೆಲವೇ ವರ್ಷಗಳಿಗೆ ನಿಂತಿತು. ಹನ್ನೆರಡರ ಹೊತ್ತಿಗೆ ಅಂಗಡಿಯ ವ್ಯವಹಾರಕ್ಕೆ ಇಳಿದರು. ಲೆಕ್ಕ, ಮಾತು, ಜನರ ಮನಸ್ಸು ಅರಿಯುವ ಜಾಣ್ಮೆ ಎಲ್ಲವನ್ನೂ ಕಲಿತದ್ದು ಅಲ್ಲಿಯೇ. ಈರೋಡಿಗೆ ಪ್ಲೇಗ್ ತಗುಲಿ ಜನ ಊರು ಬಿಟ್ಟು ಹೋಗುತ್ತಿದ್ದಾಗ ಅವರು ಅಲ್ಲೇ ಉಳಿದು ಶವಗಳನ್ನು ಸಾಗಿಸಲು ಹೆಗಲು ಕೊಟ್ಟರು.

ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅವರು ಈರೋಡು ನಗರಸಭೆಯ ಅಧ್ಯಕ್ಷರಾದರು. 1871ರಲ್ಲಿ ಸ್ಥಾಪನೆಯಾಗಿದ್ದ ಆ ಸಭೆಯ ವರಮಾನ ದೊಡ್ಡದಲ್ಲ. ಮನೆ ತೆರಿಗೆಯಂತಹ ಸ್ಥಳೀಯ ಆದಾಯದಲ್ಲಿಯೇ ದೀಪ, ಚರಂಡಿ, ರಸ್ತೆ ಎಲ್ಲವೂ ನಡೆಯಬೇಕು. ಒಂದಕ್ಕೆ ಹಣ ಕೊಟ್ಟರೆ ಇನ್ನೊಂದು ಕಾಯಬೇಕು. ಅಂತಹ ಸ್ಥಿತಿಯಲ್ಲಿ ಅವರು ಕುಡಿಯುವ ನೀರಿಗೆ ಆದ್ಯತೆ ನೀಡಿದರು. ಕಾವೇರಿಯ ದಡದಲ್ಲಿದ್ದೂ ನೀರಿಗೆ ಪರದಾಡುತ್ತಿದ್ದ ಊರಿಗೆ ಕೊಳವೆಯ ಮೂಲಕ ನೀರು ಬರುವಂತಾಯಿತು. ಅದೇ ಕಾಲದಲ್ಲಿ ಪಕ್ಕದ ಸೇಲಂ ನಗರಸಭೆಯ ಅಧ್ಯಕ್ಷರಾಗಿದ್ದವರು ರಾಜಾಜಿ. ಮುಂದೆ ರಾಜಕೀಯದಲ್ಲಿ ಎದುರಾಳಿಗಳಾದರೂ ಕಡೆಯವರೆಗೂ ಉಳಿದ ಇವರಿಬ್ಬರ ಸ್ನೇಹ ಬೆಳೆದದ್ದು ಆ ವರ್ಷಗಳಲ್ಲಿ.

ರಾಜಾಜಿಯವರ ಒತ್ತಾಯದಿಂದ 1919ರಲ್ಲಿ ಕಾಂಗ್ರೆಸ್ ಸೇರಿದಾಗ ಅವರು ಅಧ್ಯಕ್ಷ ಪದವಿಯೂ ಸೇರಿದಂತೆ ತಾವು ಹೊಂದಿದ್ದ ಸಾರ್ವಜನಿಕ ಸ್ಥಾನಗಳನ್ನು ಬಿಟ್ಟುಕೊಟ್ಟರು. ಕುರ್ಚಿ ಬಿಟ್ಟರೂ ಬೀದಿಯ ಚಿಂತೆ ಅವರನ್ನು ಬಿಡಲಿಲ್ಲ.

1924ರಲ್ಲಿ ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ಮಹಾದೇವ ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಕೆಳಜಾತಿಯವರೆನಿಸಿಕೊಂಡವರು ನಡೆಯುವಂತಿರಲಿಲ್ಲ. ಎಲ್ಲರ ತೆರಿಗೆಯಿಂದ ನಡೆಯುವ ರಾಜ್ಯದಲ್ಲಿ ಕೆಲವರಿಗೆ ರಸ್ತೆಯಿಲ್ಲವೆಂಬುದು ಯಾವ ನ್ಯಾಯ? ಸತ್ಯಾಗ್ರಹದ ಮುಖಂಡರು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದಾಗ ರಾಮಸಾಮಿಯವರು ಈರೋಡಿನಿಂದ ಅಲ್ಲಿಗೆ ಹೋದರು. ಎರಡು ಬಾರಿ ಸೆರೆಮನೆ ಸೇರಿದರು. ಪತ್ನಿ ನಾಗಮ್ಮೈ ಮಹಿಳೆಯರೊಡನೆ ಹೋರಾಟಕ್ಕೆ ಇಳಿದರು. 1925ರ ನವೆಂಬರ್‌ನಲ್ಲಿ ಹೋರಾಟ ಮುಗಿಯುವಾಗ ಮೂರು ದಿಕ್ಕಿನ ರಸ್ತೆಗಳು ಎಲ್ಲರಿಗೂ ತೆರೆದಿದ್ದವು. ಅದೇ ವರ್ಷ ಅವರು ಕಾಂಗ್ರೆಸ್ ತೊರೆದು ಸ್ವಾಭಿಮಾನ ಚಳವಳಿಯ ಹಾದಿ ಹಿಡಿದರು. 1938ರಲ್ಲಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದ ರಾಜಾಜಿ ಸರ್ಕಾರದ ವಿರುದ್ಧವೇ ಹೋರಾಡಿ ಜೈಲು ಸೇರಿದರು. 1973ರ ಡಿಸೆಂಬರ್ 24ರಂದು ವೆಲ್ಲೂರಿನಲ್ಲಿ ನಿಧನರಾದರು.

ಅವರು ಕನ್ನಡಕ್ಕಾಗಿ ದುಡಿದವರಲ್ಲ. ಅವರ ಬರಹ, ಭಾಷಣ, ಹೋರಾಟಗಳೆಲ್ಲ ತಮಿಳಿನಲ್ಲಿ ನಡೆದವು. ದೇವರ ವಿಷಯದಲ್ಲಿ ಅವರ ನಿಲುವನ್ನು ಒಪ್ಪದ ಮನೆಗಳು ನಮ್ಮಲ್ಲಿ ಬಹಳ. ಆದರೂ ಸಾರ್ವಜನಿಕ ಹಣದಿಂದ ಆದದ್ದು ಎಲ್ಲರಿಗೂ ಸಲ್ಲಬೇಕೆಂಬ ಅವರ ಪಾಠ ಬೆಟ್ಟದ ಮೇಲಿನ ನಮಗೂ ಬೇಕಾದುದೇ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ ಹೊಣೆಯನ್ನು ರಾಜ್ಯಕ್ಕೆ ಮಾತ್ರವಲ್ಲ, ಸ್ಥಳೀಯ ಸಂಸ್ಥೆಗಳಿಗೂ ವಹಿಸಿದೆ. ಹಾಗಾಗಿ ಶಾಲೆಗೆ ಹೋಗುವ ದಾರಿ, ಶಾಲೆಯ ನೀರು, ಕನ್ನಡ ಶಿಕ್ಷಕರ ಕೊರತೆ ಇವೆಲ್ಲವೂ ಗ್ರಾಮ ಸಭೆಯಲ್ಲಿ ಎತ್ತಬೇಕಾದ ಮಾತುಗಳು. ನವೆಂಬರ್ 1 ನಮಗೆ ರಾಜ್ಯೋತ್ಸವ. 2022ರಿಂದ ತಮಿಳುನಾಡಿನಲ್ಲಿ ಅದು ಸ್ಥಳೀಯಾಡಳಿತ ದಿನವೂ ಹೌದು; ಅಂದು ಗ್ರಾಮ ಸಭೆ ಸೇರುತ್ತದೆ. ಬಾವುಟ ಹಾರಿಸಿದ ಮೇಲೆ ಪಾಲಕರು ಮನೆಗೆ ಮರಳದೆ ಆ ಸಭೆಗೂ ಬರಲಿ, ಮಕ್ಕಳನ್ನೂ ಕರೆತರಲಿ. ನಮ್ಮ ಬೇಡಿಕೆ ನಿರ್ಣಯ ಪುಸ್ತಕದಲ್ಲಿ ದಾಖಲಾಗುವವರೆಗೆ ಅಲ್ಲಿಂದ ಏಳದಿರೋಣ.