ಬಿ. ಪಿ. ವಾಡಿಯಾ: ಮುಂಬಯಿಯಿಂದ ಬಸವನಗುಡಿಗೆ

ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇರುವ ರಸ್ತೆಗೆ ಬಿ. ಪಿ. ವಾಡಿಯಾ ಅವರ ಹೆಸರಿದೆ. ಆ ಮಹನೀಯರು ನಮ್ಮ ಮುಂಬಯಿಯವರೆಂಬುದು ಅನೇಕರಿಗೆ ತಿಳಿದಿರಲಾರದು.

1881ರಲ್ಲಿ ಪಾರ್ಸಿ ಮನೆತನದಲ್ಲಿ ಜನಿಸಿದ ವಾಡಿಯಾ, ಥಿಯಾಸಫಿಯ ಸೆಳೆತದಿಂದ ಮದರಾಸಿನ ಅಡ್ಯಾರ್‌ಗೆ ತೆರಳಿದರು. ಹೋಂರೂಲ್ ಚಳವಳಿಗಾಗಿ 1917ರಲ್ಲಿ ಆನಿ ಬೆಸೆಂಟರೊಂದಿಗೆ ಬಂಧನಕ್ಕೊಳಗಾದರು. ಮರುವರ್ಷ ಗಿರಣಿ ಕಾರ್ಮಿಕರ ಬವಣೆಗೆ ಮರುಗಿ, ಮದ್ರಾಸ್ ಲೇಬರ್ ಯೂನಿಯನ್ನಿನ ಅಧ್ಯಕ್ಷರಾದರು. ಬಿನ್ನಿ ಕಂಪೆನಿ ಹೂಡಿದ ದಾವೆಯಿಂದಾಗಿ ಅವರು ಆ ಕಾರ್ಯದಿಂದ ದೂರ ಸರಿಯಬೇಕಾಯಿತು. ಆದರೆ ಆ ಪ್ರಕರಣವೇ 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ ದಾರಿ ಮಾಡಿತು. ನಮ್ಮ ಬ್ಯಾಂಕ್ ನೌಕರರ ಸಂಘಗಳು ದಶಕಗಳ ಕಾಲ ಅದರ ನೆರಳಿನಲ್ಲೇ ಬೆಳೆದವು.

ಮಹಾಯುದ್ಧದಿಂದ ಜಗತ್ತು ಬಳಲಿದ್ದ 1945ರಲ್ಲಿ, ಕೊಲಂಬಿಯಾ ಸಂಜಾತೆಯಾದ ಪತ್ನಿ ಸೋಫಿಯಾ ಅವರೊಡನೆ ವಾಡಿಯಾ ಈ ಸಂಸ್ಥೆಯನ್ನು ಸ್ಥಾಪಿಸಿದರು. ದೇಶ, ಮತ, ಭಾಷೆಗಳ ಭೇದವಿಲ್ಲದೆ ಸದಸ್ಯರು ಕೂಡಿ ಓದಲು, ಉಪನ್ಯಾಸ ಆಲಿಸಲು, ಸಂಗೀತ ನೃತ್ಯಗಳನ್ನು ಆಸ್ವಾದಿಸಲು ಅಲ್ಲಿ ಎಡೆ ದೊರೆಯಿತು. 1958ರಲ್ಲಿ ಅವರು ಬೆಂಗಳೂರಿನಲ್ಲೇ ನಿಧನರಾದರು.

ಊರು ಬಿಟ್ಟು ಬಂದು ವಾಶಿಯಂಥ ಕಡೆಗಳಲ್ಲಿ ಸಂಘ ಕಟ್ಟಿಕೊಂಡವರು ನಾವು. ಮುಂಬಯಿ ಬಿಟ್ಟು ಕನ್ನಡ ನೆಲದಲ್ಲಿ ನೆಲೆಸಿದ ವಾಡಿಯಾ ತಮ್ಮವರಿಗಷ್ಟೇ ಅಲ್ಲ, ಸರ್ವರಿಗೂ ಬಾಗಿಲು ತೆರೆದರು. ನಮ್ಮ ಸಂಘಗಳ ಬಾಗಿಲೂ ನೆರೆಹೊರೆಯವರಿಗೆ ಹಾಗೆಯೇ ತೆರೆದಿರಲಿ.