ಸರ್ಪಗಂಧದ ಗುಣವನ್ನು ಜಗತ್ತಿಗೆ ತೋರಿದ ಡಾ. ವಕೀಲ್

ರಕ್ತದೊತ್ತಡಕ್ಕೆ ಇಂದು ಔಷಧದಂಗಡಿಗಳಲ್ಲಿ ಹತ್ತಾರು ಬಗೆಯ ಮಾತ್ರೆಗಳು ದೊರೆಯುತ್ತವೆ. 1940ರ ದಶಕದ ಸ್ಥಿತಿ ಹೀಗಿರಲಿಲ್ಲ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ನಿಧನರಾದಾಗ ಅವರ ರಕ್ತದೊತ್ತಡ 300/190ಕ್ಕೆ ಏರಿತ್ತು. ಅಂಥವರಿಗೂ ಕೊಡಲು ವೈದ್ಯರ ಬಳಿ ನೆಚ್ಚಬಹುದಾದ ಔಷಧವಿರಲಿಲ್ಲ. ಅದೇ ಕಾಲದಲ್ಲಿ ಮುಂಬಯಿಯ ಹೃದ್ರೋಗತಜ್ಞರೊಬ್ಬರು ನಮ್ಮ ಕಾಡಿನ ಬೇರೊಂದನ್ನು ರೋಗಿಗಳ ಮೇಲೆ ಶಾಸ್ತ್ರೀಯವಾಗಿ ಪರೀಕ್ಷಿಸುತ್ತಿದ್ದರು.

ಅವರೇ ಡಾ. ರುಸ್ತುಂ ಜಾಲ್ ವಕೀಲ್. 1911ರಲ್ಲಿ ಪಾರ್ಸಿ ಕುಟುಂಬದಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದು ಮುಂಬಯಿಗೆ ಮರಳಿ, ಕೆ.ಇ.ಎಂ. ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು.

ಆ ಬೇರು ಸರ್ಪಗಂಧದ್ದು. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಈ ಚಿಕ್ಕ ಗಿಡಕ್ಕೆ ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಉಂಟು. ಹಾವಿನ ಕಡಿತಕ್ಕೆ, ನಿದ್ರಾಹೀನತೆಗೆ, ಉನ್ಮಾದಕ್ಕೆ ಇದನ್ನು ಪರಂಪರೆಯ ವೈದ್ಯರು ಬಳಸುತ್ತಿದ್ದರು. ಇದರ ಗುಣವನ್ನು ವಕೀಲರೇ ಮೊದಲು ಕಂಡುಹಿಡಿದರೆಂದು ಹೇಳುವುದು ಸರಿಯಲ್ಲ. 1931ರಲ್ಲಿಯೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ರಕ್ತದೊತ್ತಡದ ಮೇಲೆ ಇದರ ಪರಿಣಾಮವನ್ನು ಪ್ರಕಟಿಸಿದ್ದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಬೇರಿನ ಸಾರದಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲಿನ್ ಎಂದು ಹೆಸರಿಟ್ಟಿದ್ದರು. ಆದರೆ ಈ ಕೆಲಸಗಳತ್ತ ಪಾಶ್ಚಾತ್ಯ ವೈದ್ಯಲೋಕ ಕಣ್ಣೆತ್ತಿಯೂ ನೋಡಲಿಲ್ಲ.

ನೋಡುವಂತೆ ಮಾಡಿದ್ದು ವಕೀಲರ ಸಾಧನೆ. ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧವನ್ನು ಕೊಟ್ಟು, ಚಿಕಿತ್ಸೆಯ ಮೊದಲೂ ಅನಂತರವೂ ಒತ್ತಡವನ್ನು ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಬಂಧ ಪ್ರಕಟಿಸಿದರು. ಬಹುತೇಕರಲ್ಲಿ ಒತ್ತಡ ಇಳಿದಿತ್ತು. ಇಂದಿನ ಅಳತೆಗೋಲಿನಿಂದ ನೋಡಿದರೆ ಆ ಪ್ರಯೋಗದಲ್ಲಿ ಕೊರತೆಗಳುಂಟು. ಆದರೂ ಅದನ್ನು ಓದಿದ ಬಾಸ್ಟನ್ನಿನ ಡಾ. ರಾಬರ್ಟ್ ವಿಲ್ಕಿನ್ಸ್ ತಮ್ಮ ರೋಗಿಗಳ ಮೇಲೂ ಈ ಬೇರನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಇದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಮನೋರೋಗಗಳ ಚಿಕಿತ್ಸೆಯಲ್ಲಿಯೂ ಅದು ಹೊಸ ಹಾದಿ ತೆರೆಯಿತು.

ವಕೀಲರಿಗೆ 1957ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿಯೂ ಮರುವರ್ಷ ಪದ್ಮಭೂಷಣವೂ ಸಂದವು. ಗೋಲ್ವಾಲಾ ಅವರೊಡಗೂಡಿ ಅವರು ಬರೆದ, ರೋಗಿಯ ದೇಹಪರೀಕ್ಷೆಯ ಕ್ರಮವನ್ನು ಕಲಿಸುವ ಪುಸ್ತಕವು ವೈದ್ಯ ವಿದ್ಯಾರ್ಥಿಗಳ ಹಲವು ತಲೆಮಾರುಗಳಿಗೆ ಪಠ್ಯವಾಯಿತು. 1974ರಲ್ಲಿ ಅವರು ಕಾಲವಶರಾದರು.

ಅಷ್ಟರಲ್ಲಿ ರಿಸರ್ಪಿನ್‌ನ ಇನ್ನೊಂದು ಮುಖವೂ ಗೋಚರಿಸಿತ್ತು. ಹೆಚ್ಚು ಪ್ರಮಾಣದಲ್ಲಿ ಸೇವಿಸಿದ ಕೆಲವರು ಖಿನ್ನತೆಗೆ ಒಳಗಾದರು. ಹೊಸ ಔಷಧಗಳು ಬಂದಂತೆ ಅದರ ಬಳಕೆ ಕುಗ್ಗಿತು. ಆದುದರಿಂದ ಗಿಡಮೂಲಿಕೆ ಎಂಬ ಒಂದೇ ಕಾರಣಕ್ಕೆ ಈ ಬೇರನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ. ಇತ್ತ ಬೇರಿಗಾಗಿ ಗಿಡವನ್ನೇ ಕಿತ್ತು ಕಿತ್ತು ಕಾಡುಗಳಲ್ಲಿ ಸರ್ಪಗಂಧ ವಿರಳವಾಗಿ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಡಿ ನಿರ್ಬಂಧ ವಿಧಿಸಲಾಗಿದೆ.