ಇಂದಿನ ಚಿಂತನೆ: ಮುಷ್ಟಿ ಬಿಚ್ಚಿ ಕಲಿಸಿದ ಮರಿಯಾ



ನನ್ನ ಅಜ್ಜನ ರಂಪಿಗೆ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ದೀಕ್ಷೆ ಪಡೆದ ಮೇಲೆ ಅಪ್ಪ ಅದನ್ನು ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಚಪ್ಪಲಿ ಹೊಲಿಯುವುದನ್ನು ಕಲಿಸಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ಕುಲಕಸುಬು ಎಂಬ ಪದ ಕೇಳಿದರೆ ನನಗೂ ಮೈ ಉರಿಯುತ್ತದೆ. ಹಾಗಾಗಿ ಮನೆತನದ ಕಸುಬನ್ನೇ ಹಿಡಿದು ಬಾಳಿದ ಒಬ್ಬ ತಾಯಿಯ ಬದುಕನ್ನು ಓದುವಾಗ ಮೊದಲು ನನಗೆ ಅನುಮಾನವೇ ಇತ್ತು.

ಮರಿಯಾ ಮಾರ್ಟಿನೆಝ್ ಹುಟ್ಟಿದ್ದು 1887ರ ಸುಮಾರಿಗೆ, ಅಮೆರಿಕದ ನ್ಯೂ ಮೆಕ್ಸಿಕೊದ ಸಾನ್ ಇಲ್ಡೆಫಾನ್ಸೊದಲ್ಲಿ. ಅದು ಪ್ಯೂಬ್ಲೊ ಎಂಬ ಮೂಲನಿವಾಸಿಗಳ ಊರು. ಹೊರಗಿನವರಿಗೆ ನೆಲ ಕಳೆದುಕೊಂಡು ಬಡತನಕ್ಕೆ ಬಿದ್ದಿದ್ದ ಜನ. ಅಂಗಡಿಯ ತಗಡಿನ ಪಾತ್ರೆಗಳು ಬಂದು ಮಡಕೆ ಮಾಡುವವರೂ ಕಡಿಮೆಯಾಗುತ್ತಿದ್ದರು. ಬಂಧುವಾದ ನಿಕೊಲಾಸಾ ಎಂಬ ಹಿರಿಯಾಕೆಯ ಪಕ್ಕ ಕುಳಿತು ನೋಡುತ್ತಾ ನೋಡುತ್ತಾ ಮರಿಯಾ ಕಲಿತರು.

ಅಲ್ಲಿ ತಿಗರಿ ಇಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ ನಾದಿ, ಮಣ್ಣನ್ನು ಹುರಿಯಂತೆ ಹೊಸೆದು ಸುತ್ತು ಮೇಲೆ ಸುತ್ತು ಇಟ್ಟು ಏರಿಸುತ್ತಾರೆ. ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಾಸುಗಟ್ಟಲೆ ಉಜ್ಜುತ್ತಾರೆ. ಆ ಕಲ್ಲುಗಳು ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತವೆ.

ಮರಿಯಾ ಮಡಕೆ ಕಟ್ಟುತ್ತಿದ್ದರು, ಗಂಡ ಜೂಲಿಯನ್ ಚಿತ್ರ ಬರೆಯುತ್ತಿದ್ದರು. ಉರಿಯುವ ಬೆಂಕಿಯ ಮೇಲೆ ಒಣ ಲದ್ದಿಪುಡಿ ಸುರಿದು ಗಾಳಿ ಕಟ್ಟಿದರೆ ಹೊಗೆ ಹೀರಿ ಕೆಂಪು ಮಡಕೆ ಕಪ್ಪಾಗುತ್ತದೆ. 1919ರ ಸುಮಾರಿಗೆ ಇಬ್ಬರೂ ಸೇರಿ ಹೊಳೆಯುವ ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪು ಚಿತ್ರ ಮೂಡಿಸುವ ಬಗೆ ಕಂಡುಕೊಂಡರು. ಆ ಮಡಕೆಗಳಿಗೆ ಎಲ್ಲೆಡೆಯಿಂದ ಬೇಡಿಕೆ ಬಂತು.

ನನ್ನ ಮನಸ್ಸು ತಿರುಗಿದ್ದು ಇಲ್ಲಿ. ಗುಟ್ಟು ತನ್ನಲ್ಲೇ ಇಟ್ಟುಕೊಂಡಿದ್ದರೆ ಮರಿಯಾ ಒಬ್ಬರೇ ಉದ್ಧಾರವಾಗುತ್ತಿದ್ದರು. ಅವರು ಊರಿನ ಹೆಂಗಸರಿಗೆಲ್ಲ ಕಲಿಸಿದರು. ತನ್ನ ಸಹಿ ಇದ್ದರೆ ಬೆಲೆ ಹೆಚ್ಚು ಎಂದು ಗೊತ್ತಾದಾಗ, ಕೇಳಿದ ನೆರೆಯವರ ಮಡಕೆಗೂ ಸಹಿ ಹಾಕಿಕೊಟ್ಟರು. 1943ರಲ್ಲಿ ಜೂಲಿಯನ್ ತೀರಿಕೊಂಡ ಮೇಲೆ ಸೊಸೆ ಸಾಂಟಾನಾ, ಆಮೇಲೆ ಮಗ ಪೊಪೊವಿ ಡಾ ಚಿತ್ರ ಬರೆದರು. 1980ರಲ್ಲಿ ಮರಿಯಾ ಕಣ್ಣು ಮುಚ್ಚಿದಾಗ ಮೊಮ್ಮಕ್ಕಳು, ಮರಿಮಕ್ಕಳ ಕೈಯಲ್ಲೂ ಮಣ್ಣಿತ್ತು.

ಜಾತಿ ಎಂಬುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಮರಿಯಾರ ಊರಿನಲ್ಲಿ ಮಣ್ಣು ಮುಟ್ಟಿದ ಕೈ ಮೈಲಿಗೆಯಾಗಲಿಲ್ಲ. ಜೂಲಿಯನ್ ಊರಿನ ಮುಖ್ಯಸ್ಥರಾದರು, ಮಗನೂ ಆದ. ನನ್ನ ಅಜ್ಜ ಹೊಲಿದ ಚಪ್ಪಲಿ ಮೆಟ್ಟಿದವರು ಅಜ್ಜನನ್ನು ಜಗಲಿ ಹತ್ತಗೊಡಲಿಲ್ಲ. ಅಪ್ಪ ರಂಪಿಗೆ ಕೆಳಗಿಟ್ಟದ್ದು ಸರಿಯೇ. ಆದರೆ ಅಜ್ಜನ ಕೈಯಲ್ಲಿ ವಿದ್ಯೆ ಇತ್ತು ಎನ್ನಲು ಇನ್ನು ನಾನು ನಾಚುವುದಿಲ್ಲ. ಅವಮಾನ ಮಾಡಿದವರು ನಾಚಲಿ.

ಭಗವಾನ್ ಬುದ್ಧರು ಏನನ್ನೂ ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳದೆ ಕಲಿಸಿದರು. ಇವತ್ತು ನಿಮಗೆ ಬರುವ ಒಂದು ವಿದ್ಯೆಯನ್ನು, ಅದು ಲೆಕ್ಕವಿರಲಿ, ಹೊಲಿಗೆಯಿರಲಿ, ಕಂಪ್ಯೂಟರ್ ಇರಲಿ, ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಕಲಿಸಿ. ಮನೆಯ ಹಿರಿಯರ ಕೈಗೆ ಏನೇನು ಬರುತ್ತಿತ್ತು ಎಂದು ಮಕ್ಕಳಿಗೆ ಹೇಳಿ.

ಭವತು ಸಬ್ಬ ಮಂಗಲಂ.